ಗಣಕದಿಂದ ವಾಚನಾಲಯಕ್ಕೆ ಪುಸ್ತಕ ತರುವ ಬಗೆ

(ವಾಚನಾಲಯದ ಭಾನುವಾರದ ಸಭೆಯಲ್ಲಿ ಸ್ವಯಂಸೇವಕರ ಪರವಾಗಿ ಮಾಡಿದ ಭಾಷಣ)



ಭಾಷಣ ಮಾಡುವುದು ನಮ್ಮ ಕಸುಬಲ್ಲ. ಗಿರಣಿಯ ಕಚೇರಿಯಲ್ಲಿ ಹಾಜರಿ ಪಟ್ಟಿ ಬರೆಯುವುದು, ಚಲನಿಗೂ ಗೋದಾಮಿನ ಲೆಕ್ಕಕ್ಕೂ ತಾಳೆ ನೋಡುವುದು, ಇಷ್ಟೇ ನಮಗೆ ಗೊತ್ತಿರುವ ವಿದ್ಯೆ. ಆದರೆ ಈಚೆಗೆ ನಮ್ಮ ವಾಚನಾಲಯದ ಮೂಲೆಯಲ್ಲಿರುವ ಗಣಕಯಂತ್ರದ ಮುಂದೆ ನಿಂತು, “ಇದರಲ್ಲಿ ಪುಸ್ತಕ ಇಳಿಸಿಕೊಳ್ಳುವುದು ಹೇಗೆ? ನಿನ್ನೆ ನಡೆಯುತ್ತಿದ್ದದ್ದು ಇಂದು ಏಕೆ ನಿಂತಿತು?” ಎಂದು ಕೇಳುವವರು ಹೆಚ್ಚಾಗಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಹೇಳಿಬಿಡಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾವು ಪಂಡಿತರಲ್ಲ, ತಪ್ಪು ಮಾಡಿ ಕಲಿತವರು. ಆ ತಪ್ಪುಗಳನ್ನೇ ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಈ ಕೆಲಸಕ್ಕೆ ನಾವು ಏಕೆ ಕೈಹಾಕಿದೆವೆಂಬುದನ್ನು ಹೇಳಬೇಕು. 2015ನೆಯ ಇಸವಿ ಡಿಸೆಂಬರ್ ಮೊದಲ ದಿನಗಳ ಮಳೆಯನ್ನು ಈ ಊರಿನಲ್ಲಿದ್ದವರು ಯಾರೂ ಮರೆತಿಲ್ಲ. ಅಡ್ಯಾರ್ ನದಿ ಉಕ್ಕಿತು. ಬೀದಿಗಳಲ್ಲಿ ದೋಣಿ ಓಡಾಡಿತು. ನಮ್ಮ ವಾಚನಾಲಯದೊಳಗೂ ಮೊಣಕಾಲುದ್ದ ನೀರು ನಿಂತಿತು. ಕೆಳಗಿನ ಎರಡು ಸಾಲಿನ ಪುಸ್ತಕಗಳು ನೆನೆದುಹೋದವು. ನೀರಿಳಿದ ಮೇಲೆ ತಾರಸಿಯ ಮೇಲೆ ಹರಡಿ ಒಣಗಿಸಿದೆವು. ಹಾಳೆಗೆ ಹಾಳೆ ಅಂಟಿಕೊಂಡು ಇಟ್ಟಿಗೆಯಂತಾಗಿದ್ದವು. ಹೊಸ ಪುಸ್ತಕಗಳನ್ನು ಮತ್ತೆ ಕೊಂಡುಕೊಳ್ಳಬಹುದಾಗಿತ್ತು. ಆದರೆ ಅವುಗಳಲ್ಲಿ ಹಲವು ಮರುಮುದ್ರಣವಾಗದೆ ಎಷ್ಟೋ ಕಾಲವಾಗಿತ್ತು. ಹಾಗೆ ಕೈಬಿಟ್ಟುಹೋದ 40 ಪುಸ್ತಕಗಳ ಹೆಸರನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟೆವು.

ಆಗ ನಮ್ಮಲ್ಲಿಗೆ ದಿನವೂ ಸಂಜೆ ಒಬ್ಬ ಹಿರಿಯರು ಬರುತ್ತಿದ್ದರು. ಉಡುಪಿ ಕಡೆಯವರು, ಪ್ಯಾರೀಸ್ ಕಡೆಯ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೂದಲು ನರೆಸಿಕೊಂಡವರು. ನಾವೆಲ್ಲ ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದೆವು. ನಮ್ಮ ಪಟ್ಟಿಯನ್ನು ನೋಡಿ, ಅದರಲ್ಲಿದ್ದ ಎರಡು ಹೆಸರಿನ ಮೇಲೆ ಬೆರಳಿಟ್ಟರು. ಒಂದು ಕಥೆಗಳ ಪುಸ್ತಕ. ಇನ್ನೊಂದು ಮಂಗಳೂರಿನಲ್ಲಿ ಅಚ್ಚಾದ ಹಳೆಯ ಪಾಠಪುಸ್ತಕ, ಅವರು ಮೂರನೆಯ ಇಯತ್ತೆಯಲ್ಲಿ ಓದಿದ್ದು. “ಇವೆರಡು ಸಿಕ್ಕಿದರೆ ಸಾಕು ಮಾರಾಯ, ಮೊಮ್ಮಗನಿಗೆ ಓದಿ ಹೇಳುತ್ತೇನೆ. ಅವನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ” ಎಂದರು.

ಹುಡುಕುತ್ತ ಹೋದಾಗ ನಮಗೆ ಸಿಕ್ಕಿದ್ದು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಗಣಕ ಭಂಡಾರ. ಇದರ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಪ್ರೊಫೆಸರ್ ರಾಜ್ ರೆಡ್ಡಿಯವರು ಹತ್ತು ಲಕ್ಷ ಪುಸ್ತಕಗಳನ್ನು ಗಣಕಕ್ಕೆ ಏರಿಸಬೇಕೆಂಬ ಯೋಜನೆಯನ್ನು ಹೊರಡಿಸಿದರು. ಇವರು ನಮ್ಮ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1958ರಲ್ಲಿ ಪದವಿ ಪಡೆದವರು. 1994ರಲ್ಲಿ ಗಣಕಶಾಸ್ತ್ರದ ಅತ್ಯುಚ್ಚ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಭಾರತದಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಈ ಕಾರ್ಯದ ಮುಂದಾಳುತನ ವಹಿಸಿತು. ಹಳೆಯ ಪುಸ್ತಕಗಳನ್ನು ಪುಟ ಪುಟವಾಗಿ ಚಿತ್ರ ತೆಗೆದು ಇಟ್ಟರು. ಅವುಗಳಲ್ಲಿ ಕನ್ನಡ ಪುಸ್ತಕಗಳೂ ಸಾವಿರಾರು.

ಆದರೆ ಅಲ್ಲಿ ಒಂದು ತೊಡಕಿತ್ತು. ಪುಸ್ತಕವನ್ನು ಇಡಿಯಾಗಿ ಕೊಡುತ್ತಿರಲಿಲ್ಲ. ಒಂದೊಂದು ಪುಟವನ್ನೂ ಬೇರೆಯಾಗಿ ತೆರೆಯಬೇಕು. ಇನ್ನೂರು ಪುಟದ ಕಾದಂಬರಿಗೆ ಇನ್ನೂರು ಸಲ ಕಾಯಬೇಕು. ಇದನ್ನು ಕಂಡು ಕೆಲವರು ಸ್ವಂತ ಆಸಕ್ತಿಯಿಂದ ‘ಡಿಎಲ್‌ಐ ಡೌನ್‌ಲೋಡರ್’ ಎಂಬ ಪುಟ್ಟ ತಂತ್ರಾಂಶಗಳನ್ನು ಬರೆದು ಉಚಿತವಾಗಿ ಹಂಚಿದರು. ಪುಸ್ತಕದ ಬಾರ್‌ಕೋಡ್ ಸಂಖ್ಯೆಯನ್ನು ಕೊಟ್ಟರೆ ಅದು ತಾನೇ ಪುಟಗಳನ್ನು ಒಂದೊಂದಾಗಿ ತಂದು, ಹೊಲಿದು, ಒಂದು ಪಿಡಿಎಫ್ ಕಡತವಾಗಿ ಕೊಡುತ್ತಿತ್ತು. 2016ರಲ್ಲಿ ಕೆಲವು ಭಾನುವಾರ ಕುಳಿತು ನಮ್ಮ ಪಟ್ಟಿಯಲ್ಲಿದ್ದ 11 ಪುಸ್ತಕಗಳನ್ನು ತಂದೆವು. ಅಜ್ಜ ಕೇಳಿದ ಕಥೆಗಳ ಪುಸ್ತಕ ಅವುಗಳಲ್ಲಿ ಒಂದು. ಪಾಠಪುಸ್ತಕದ ಸಂಖ್ಯೆಯೂ ಸಿಕ್ಕಿತ್ತು. ಅಷ್ಟರಲ್ಲಿ ಗಿರಣಿಯಲ್ಲಿ ವರ್ಷಾಂತ್ಯದ ಲೆಕ್ಕ ಬಂತು, ಹಬ್ಬ ಬಂತು. ಎಲ್ಲಿ ಹೋಗುತ್ತದೆ, ಮುಂದಿನ ತಿಂಗಳು ಇಳಿಸಿಕೊಂಡರಾಯಿತು ಎಂದುಕೊಂಡೆವು.

2017ರ ಹೊತ್ತಿಗೆ ಆ ಭಂಡಾರದ ಬಾಗಿಲು ಮುಚ್ಚಿತು. ಅಲ್ಲಿದ್ದ ಪುಸ್ತಕಗಳಲ್ಲಿ ಕೆಲವಕ್ಕೆ ಇನ್ನೂ ಹಕ್ಕುದಾರರಿದ್ದರೆಂಬ ತಕರಾರು ಎದ್ದಿತ್ತು. ನಮ್ಮ ಡೌನ್‌ಲೋಡರ್ ಮಾತ್ರ ಗಣಕದಲ್ಲಿ ಹಾಗೆಯೇ ಇತ್ತು. ಒತ್ತಿದರೆ ತೆರೆಯುತ್ತಿತ್ತು, ಸಂಖ್ಯೆ ಕೇಳುತ್ತಿತ್ತು, ಮೊದಲ ಪುಟಕ್ಕೇ ನಿಂತುಬಿಡುತ್ತಿತ್ತು. ನಾವು ಅದನ್ನು ಕಿತ್ತು ಮತ್ತೆ ಸ್ಥಾಪಿಸಿದೆವು. ಬೇರೆ ಗಣಕದಲ್ಲಿ ಹಾಕಿ ನೋಡಿದೆವು. ಗಾಡಿ ಸರಿಯಾಗಿಯೇ ಇತ್ತು; ಗೋದಾಮಿಗೆ ಬೀಗ ಬಿದ್ದಿತ್ತು.

ಪುಣ್ಯಕ್ಕೆ, ಬಾಗಿಲು ಮುಚ್ಚುವ ಮುಂಚೆಯೇ ಕೆಲವು ದೂರದೃಷ್ಟಿಯವರು ಅಲ್ಲಿಯ ಪುಸ್ತಕಗಳನ್ನು ನಕಲು ಮಾಡಿ, ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಗ್ರಂಥಭಂಡಾರದಲ್ಲಿ ಇರಿಸಿದ್ದರು. ಬ್ರೂಸ್ಟರ್ ಕೇಲ್ ಎಂಬವರು 1996ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಹೀಗೆ ಅಲ್ಲಿ ಸೇರಿದ ಭಾರತೀಯ ಪುಸ್ತಕಗಳು ನಾಲ್ಕು ಲಕ್ಷಕ್ಕೂ ಹೆಚ್ಚು. ಆದರೆ ಈ ಬಾಗಿಲೂ ಶಾಶ್ವತವೆಂದು ನಂಬುವ ಹಾಗಿಲ್ಲ. 2017ರ ಆಗಸ್ಟ್ ತಿಂಗಳಿನಲ್ಲಿ, ಕಳ್ಳ ಸಿನಿಮಾ ತಡೆಯಲು ನಮ್ಮದೇ ಊರಿನ ಮದರಾಸು ಉಚ್ಚ ನ್ಯಾಯಾಲಯದಿಂದ ಪಡೆದ ಆಜ್ಞೆಯ ದೊಡ್ಡ ಪಟ್ಟಿಯಲ್ಲಿ ಇದರ ಹೆಸರೂ ಸೇರಿ, ಭಾರತದಲ್ಲೆಲ್ಲ ಕೆಲವು ದಿನ ಇದು ತೆರೆಯಲಿಲ್ಲ. 2024ರ ಅಕ್ಟೋಬರಿನಲ್ಲಿ ಗಣಕ ದಾಳಿಕೋರರ ಹಾವಳಿಯಿಂದ ಮತ್ತೆ ಹಲವು ದಿನ ಮುಚ್ಚಿತ್ತು. ಎರಡು ಸಲವೂ ತೆರೆಯಿತು, ನಿಜ. ಆದರೂ ಒಂದೇ ಬಾಗಿಲನ್ನು ನೆಚ್ಚಿಕೊಂಡು ಕೂಡಬಾರದು ಎಂಬ ಮಾತು ನಮಗೆ ಚೆನ್ನಾಗಿ ನಾಟಿತು.

ಇನ್ನು ಕೆಲಸದ ಮಾತಿಗೆ ಬರೋಣ.

ಒಂದೋ ಎರಡೋ ಪುಸ್ತಕ ಬೇಕಾದವರಿಗೆ ಯಾವ ತಂತ್ರಾಂಶವೂ ಬೇಡ. ಪುಸ್ತಕದ ಪುಟದಲ್ಲಿ ‘ಡೌನ್‌ಲೋಡ್ ಆಪ್ಷನ್ಸ್’ ಎಂಬ ಪಟ್ಟಿಯಿದೆ. ಅಲ್ಲಿ ಪಿಡಿಎಫ್ ಎಂಬುದನ್ನು ಒತ್ತಿದರೆ ಸಾಕು. ಆದರೆ ಹತ್ತಾರು ಪುಸ್ತಕ ತರುವಾಗ, ನಡುವೆ ಕರೆಂಟು ಹೋಗಿ ಮತ್ತೆ ಮೊದಲಿನಿಂದ ಆರಂಭಿಸಬೇಕಾದಾಗ, ಇದರ ಕಷ್ಟ ಗೊತ್ತಾಗುತ್ತದೆ. ಅದಕ್ಕಾಗಿ ನಾವು ಕ್ಯೂಬಿಟ್‌ಟೊರೆಂಟ್ ಎಂಬ ತಂತ್ರಾಂಶವನ್ನು ಆರಿಸಿಕೊಂಡಿದ್ದೇವೆ. ಅದು ಉಚಿತ, ಜಾಹೀರಾತಿಲ್ಲ, ವಿಂಡೋಸ್ ಗಣಕದಲ್ಲೂ ಲಿನಕ್ಸ್ ಗಣಕದಲ್ಲೂ ನಡೆಯುತ್ತದೆ. 2012ರಿಂದ ಇಂಟರ್‌ನೆಟ್ ಆರ್ಕೈವ್ ತನ್ನ ಪುಸ್ತಕಗಳನ್ನು ಟೊರೆಂಟ್ ರೂಪದಲ್ಲೂ ಕೊಡುತ್ತ ಬಂದಿದೆ.

ಟೊರೆಂಟ್ ಎಂದರೆ ಏನು? ಗಿರಣಿಯಿಂದ ಸರಕು ಕಳುಹಿಸುವಾಗ ಬೇಲು ಬೇಲಾಗಿ ಕಟ್ಟಿ, ಒಂದೊಂದಕ್ಕೂ ಗುರುತು ಹಾಕಿ, ಚಲನಿನಲ್ಲಿ ಬರೆಯುತ್ತಾರಲ್ಲವೆ? ಇಲ್ಲಿಯೂ ಹಾಗೆಯೇ. ಪುಸ್ತಕದ ಕಡತವನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಗುರುತಿನ ಸಂಖ್ಯೆಯನ್ನು ಲೆಕ್ಕಹಾಕಿ ಇಟ್ಟಿರುತ್ತಾರೆ. ಟೊರೆಂಟ್ ಎಂಬ ಚಿಕ್ಕ ಕಡತವೇ ಆ ಚಲನು. ನಮ್ಮ ತಂತ್ರಾಂಶವು ಬಂದ ತುಂಡನ್ನು ಚಲನಿನೊಡನೆ ತಾಳೆ ನೋಡುತ್ತದೆ. ಕೆಟ್ಟಿದ್ದರೆ ಅದೊಂದನ್ನೇ ಮತ್ತೆ ತರಿಸುತ್ತದೆ. ಕರೆಂಟು ಹೋದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಸ್ಥಾಪಿಸುವಾಗ ಎಚ್ಚರಿಕೆ ಬೇಕು. ಮೊದಲ ಸಲ ನಾವು ಅವಸರದಲ್ಲಿ ಯಾವುದೋ ತಾಣದಲ್ಲಿ ಕಂಡ ದೊಡ್ಡ ಹಸಿರು ಗುಂಡಿಯನ್ನು ಒತ್ತಿ, ಬೇಡದ ಮೂರು ತಂತ್ರಾಂಶಗಳನ್ನು ಮನೆಗೆ ಕರೆದುಕೊಂಡೆವು. ಅವನ್ನು ಹೊರಗೆ ಹಾಕಲು ಒಂದು ವಾರ ಹಿಡಿಯಿತು. ಆದ್ದರಿಂದ ತಂತ್ರಾಂಶ ತಯಾರಿಸಿದವರ ಸ್ವಂತ ತಾಣದಿಂದಲೇ ತರಬೇಕು. ‘ನೆಕ್ಸ್ಟ್, ನೆಕ್ಸ್ಟ್’ ಎಂದು ಕಣ್ಣುಮುಚ್ಚಿ ಒತ್ತಬಾರದು. ಪ್ರತಿಯೊಂದು ಕಿಟಕಿಯಲ್ಲೂ ಏನು ಕೇಳುತ್ತಿದೆ ಎಂದು ಓದಬೇಕು. ಮೊದಲ ಸಲ ತೆರೆದಾಗ ವಿಂಡೋಸಿನ ಕಾವಲುಗಾರನಾದ ಫೈರ್‌ವಾಲ್ ‘ಇದನ್ನು ಬಿಡಬಹುದೇ’ ಎಂದು ಕೇಳಬಹುದು, ಬಿಡಬಹುದೆಂದು ಹೇಳಬೇಕು. ಕೊನೆಗೆ, ಪುಸ್ತಕಗಳು ಯಾವ ಕಪಾಟಿಗೆ ಬರಬೇಕೆಂದು ನಾವೇ ಒಂದು ಫೋಲ್ಡರ್ ಗೊತ್ತು ಮಾಡಬೇಕು. ಇಲ್ಲವಾದರೆ ಬಂದದ್ದು ಎಲ್ಲಿಗೆ ಹೋಯಿತೆಂದು ಆಮೇಲೆ ಹುಡುಕುವ ಪಾಡು.

ಪುಸ್ತಕ ತರುವಾಗ ಎರಡು ಗುಟ್ಟುಗಳಿವೆ. ಮೊದಲನೆಯದು ಹೆಸರು. ಡಿಜಿಟಲ್ ಲೈಬ್ರರಿಯಿಂದ ಬಂದ ಕನ್ನಡ ಪುಸ್ತಕಗಳ ಹೆಸರುಗಳು ಬಹುಮಟ್ಟಿಗೆ ರೋಮನ್ ಲಿಪಿಯಲ್ಲಿವೆ. ಬರೆದವರಿಗೆ ತೋಚಿದ ಹಾಗೆ ಕಾಗುಣಿತ ಹಾಕಿದ್ದಾರೆ. ಒಂದೇ ಹೆಸರನ್ನು ನಾಲ್ಕು ರೀತಿಯಲ್ಲಿ ಬರೆದು ಹುಡುಕಬೇಕು; ಹೆಸರಿನಿಂದ ಸಿಗದಿದ್ದರೆ ಲೇಖಕರ ಹೆಸರಿನಿಂದ ಹುಡುಕಬೇಕು. ಸಿಕ್ಕಿದ ಕೂಡಲೇ ಅದರ ಗುರುತನ್ನು ಬರೆದಿಟ್ಟುಕೊಳ್ಳಬೇಕು. ಎರಡನೆಯದು ಜಾಗ. ಟೊರೆಂಟಿನೊಳಗೆ ಪಿಡಿಎಫ್ ಮಾತ್ರವಲ್ಲದೆ ಪುಟಗಳ ಚಿತ್ರಗಳ ಗಂಟು ಮೊದಲಾದ ಹಲವು ಕಡತಗಳಿರುತ್ತವೆ. ಅವು ಪುಸ್ತಕಕ್ಕಿಂತ ಎಷ್ಟೋ ಪಾಲು ದೊಡ್ಡವು. ಆರಂಭಿಸುವ ಮುನ್ನ ಬರುವ ಪಟ್ಟಿಯಲ್ಲಿ ಪಿಡಿಎಫ್ ಒಂದಕ್ಕೆ ಗುರುತು ಉಳಿಸಿ ಉಳಿದವನ್ನು ಅಳಿಸಿಬಿಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿಯೇ ಇದ್ದಾರೆ.

ಇನ್ನು ನವೀಕರಣ, ಅಂದರೆ ಅಪ್‌ಡೇಟ್. ‘ನಡೆಯುತ್ತಿರುವುದನ್ನು ಏಕೆ ಮುಟ್ಟಬೇಕು’ ಎಂದು ಕೆಲವರು ಕೇಳುತ್ತಾರೆ. ಇದೇ ಕ್ಯೂಬಿಟ್‌ಟೊರೆಂಟಿನಲ್ಲಿ 2010ರಿಂದ ಒಂದು ದೋಷ ಅಡಗಿತ್ತು: ಎದುರಿಗಿರುವ ತಾಣ ನಿಜವಾದದ್ದೋ ನಕಲಿಯೋ ಎಂದು ಗುರುತುಪತ್ರ ನೋಡದೆ ನಂಬಿಬಿಡುತ್ತಿತ್ತು. 2024ರ ಅಕ್ಟೋಬರ್ ಕೊನೆಯಲ್ಲಿ ಬಂದ 5.0.1ನೆಯ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ಹದಿನಾಲ್ಕು ವರ್ಷ ಯಾರ ಕಣ್ಣಿಗೂ ಬೀಳದ ದೋಷವೆಂದರೆ, ಹಳೆಯದನ್ನೇ ಹಿಡಿದು ಕೂಡುವುದು ಎಷ್ಟು ಅಪಾಯವೆಂದು ನೀವೇ ಯೋಚಿಸಿ. ಆದ್ದರಿಂದ ತಿಂಗಳಿಗೊಮ್ಮೆ ತಂತ್ರಾಂಶದೊಳಗಿನ ‘ಹೆಲ್ಪ್’ ಪಟ್ಟಿಗೆ ಹೋಗಿ ಹೊಸ ಆವೃತ್ತಿ ಇದೆಯೇ ಎಂದು ನೋಡಬೇಕು. ಯಾವುದೋ ತಾಣದಲ್ಲಿ ‘ನಿಮ್ಮ ತಂತ್ರಾಂಶ ಹಳೆಯದಾಗಿದೆ, ಇಲ್ಲಿ ಒತ್ತಿ’ ಎಂದು ಮಿನುಗುವುದನ್ನು ಮಾತ್ರ ನಂಬಬೇಡಿ. ನವೀಕರಿಸುವ ಮುನ್ನ ನಡೆಯುತ್ತಿರುವ ಕೆಲಸವನ್ನು ನಿಲ್ಲಿಸಿ, ತಂತ್ರಾಂಶದಿಂದ ಪೂರ್ತಿ ಹೊರಬನ್ನಿ. ಕಿಟಕಿ ಮುಚ್ಚಿದರೂ ಅದು ಗಡಿಯಾರದ ಪಕ್ಕದಲ್ಲಿ ಪುಟ್ಟ ಚಿಹ್ನೆಯಾಗಿ ಕುಳಿತಿರುವುದುಂಟು.

ಹಳೆಯ ಗಣಕವುಳ್ಳವರಿಗೆ ಒಂದು ಮಾತು. ವಿಂಡೋಸ್ 7ಕ್ಕೆ ಕಂಪನಿಯ ಆಸರೆ 2020ರ ಜನವರಿಯಲ್ಲಿ ನಿಂತಿತು. ವಿಂಡೋಸ್ 10ಕ್ಕೆ ಸಾಮಾನ್ಯ ಆಸರೆ 2025ರ ಅಕ್ಟೋಬರಿನಲ್ಲಿ ನಿಂತಿತು. ಈ ತಂತ್ರಾಂಶದ ಹೊಸ ಆವೃತ್ತಿಗಳು ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. ಹೊಸ ಗಣಕ ಕೊಳ್ಳಲು ಶಕ್ತಿಯಿಲ್ಲದವರು ಹಳೆಯದನ್ನು ಗುಜರಿಗೆ ಹಾಕಬೇಕಾಗಿಲ್ಲ. ಉಚಿತವಾದ ಲಿನಕ್ಸನ್ನು ಹಾಕಿಕೊಂಡರೆ ಇನ್ನೂ ಕೆಲವು ವರ್ಷ ದುಡಿಯುತ್ತದೆ.

ತೊಂದರೆಗಳ ವಿಷಯ. ಅನುಭವದಿಂದ ಹೇಳುವುದಾದರೆ, ತಂತ್ರಾಂಶ ನಿಂತಾಗ ಹತ್ತರಲ್ಲಿ ಎಂಟು ಸಲ ತಪ್ಪು ತಂತ್ರಾಂಶದ್ದಲ್ಲ. ಒಮ್ಮೆ ಎರಡು ಸಂಜೆ ನಾವು ತಲೆ ಕೆಡಿಸಿಕೊಂಡೆವು. ಒಂದು ತಾಣವೂ ತೆರೆಯಲೊಲ್ಲದು, ‘ಸುರಕ್ಷಿತವಲ್ಲ’ ಎಂಬ ಒಂದೇ ಮಾತು. ಕೊನೆಗೆ ನೆಲ ಗುಡಿಸಲು ಬರುವ ಅಮ್ಮನ ಮಗ, ಎಂಟನೆಯ ತರಗತಿಯ ಹುಡುಗ, “ಅಣ್ಣಾ, ಇದರಲ್ಲಿ ಇಸವಿ ತಪ್ಪಾಗಿದೆಯಲ್ಲ” ಎಂದ. ನೋಡಿದರೆ ಗಣಕದ ಗಡಿಯಾರ ಹಲವು ವರ್ಷ ಹಿಂದೆ ಹೋಗಿತ್ತು. ಒಳಗಿನ ಬಿಲ್ಲೆಯಂಥ ಪುಟ್ಟ ಬ್ಯಾಟರಿ ಸತ್ತಿತ್ತು. ತಾಣಗಳ ಗುರುತುಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. ಗಣಕದ ತಾರೀಖು ತಪ್ಪಿದರೆ ಎಲ್ಲವೂ ಸುಳ್ಳಾಗಿ ಕಾಣುತ್ತವೆ. ಬ್ಯಾಟರಿ ಬದಲಿಸಿದೆವು, ಸರಿಹೋಯಿತು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ನಾವು ತಂತ್ರಾಂಶವನ್ನು ಬೈದದ್ದೇ ಬಂತು.

ಆದ್ದರಿಂದ ಕ್ರಮವಾಗಿ ನೋಡಿ. ಮೊದಲು, ಇಂಟರ್‌ನೆಟ್ ಬರುತ್ತಿದೆಯೇ? ಎರಡನೆಯದು, ಗಣಕದ ದಿನಾಂಕ ಸರಿಯಿದೆಯೇ? ಮೂರನೆಯದು, ಡಿಸ್ಕಿನಲ್ಲಿ ಜಾಗವಿದೆಯೇ? ನಾಲ್ಕನೆಯದು, ಎದುರಿನ ಭಂಡಾರವೇ ಮುಚ್ಚಿದೆಯೇ? ಇನ್ನೊಬ್ಬರ ಫೋನಿನಲ್ಲಿ ತೆರೆದು ನೋಡಿದರೆ ತಿಳಿಯುತ್ತದೆ. ಐದನೆಯದು, ನೀವಿರುವ ಹಾಸ್ಟೆಲ್ ಅಥವಾ ಕಚೇರಿಯ ಜಾಲದಲ್ಲಿ ಟೊರೆಂಟನ್ನು ತಡೆದಿದ್ದಾರೆಯೇ? ತಡೆದಿದ್ದರೆ ಜಗಳವಾಡದೆ ಬ್ರೌಸರಿನಿಂದ ಪಿಡಿಎಫ್ ತನ್ನಿ. ಇವೆಲ್ಲ ಸರಿಯಿದ್ದು, ಕಡತ 99ರಲ್ಲಿ ಬಂದು ನಿಂತಿತೆನ್ನಿ. ಇದು ನಮ್ಮನ್ನು ಬಹಳ ಕಾಡಿದ್ದು. ಭಂಡಾರದವರು ಪುಸ್ತಕದ ವಿವರಪಟ್ಟಿಯನ್ನು ತಿದ್ದಿದಾಗ, ಹಳೆಯ ಚಲನಿಗೂ ಹೊಸ ಸರಕಿಗೂ ತಾಳೆ ಬೀಳುವುದಿಲ್ಲ. ಆ ವಿವರದ ಚಿಕ್ಕ ಕಡತಕ್ಕಾಗಿ ತಂತ್ರಾಂಶ ಎಂದೆಂದಿಗೂ ಕಾಯುತ್ತದೆ. ಅದರ ಗುರುತನ್ನು ಅಳಿಸಿಬಿಡಿ. ಪುಸ್ತಕ ಅಷ್ಟರಲ್ಲೇ ಬಂದಿರುತ್ತದೆ. ಬಂದ ಮೇಲೂ ಸಂದೇಹವಿದ್ದರೆ ‘ಫೋರ್ಸ್ ರೀಚೆಕ್’ ಎಂಬುದನ್ನು ಒತ್ತಿದರೆ ಎಲ್ಲ ತುಂಡುಗಳನ್ನೂ ಮತ್ತೊಮ್ಮೆ ಎಣಿಸಿ ಹೇಳುತ್ತದೆ.

ಕಾನೂನಿನ ಮಾತನ್ನೂ ಮರೆಯಬಾರದು. ಟೊರೆಂಟಿನಲ್ಲಿ ನಾವು ಪಡೆಯುವುದರ ಜೊತೆಗೆ ಇತರರಿಗೆ ಹಂಚುತ್ತಲೂ ಇರುತ್ತೇವೆ. ನಮ್ಮ ದೇಶದ 1957ರ ಕಾಯಿದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅವರ ಕೃತಿಗಳ ಹಕ್ಕು ಉಳಿಯುತ್ತದೆ. ಮುದ್ದಣ 1901ರಲ್ಲಿ, ಎಂ. ಎಸ್. ಪುಟ್ಟಣ್ಣನವರು 1930ರಲ್ಲಿ, ಪಂಜೆ ಮಂಗೇಶರಾಯರು 1937ರಲ್ಲಿ, ಬಿ. ಎಂ. ಶ್ರೀಕಂಠಯ್ಯನವರು 1946ರಲ್ಲಿ ತೀರಿಕೊಂಡರು; ಅವರ ಬರೆಹ ಈಗ ನಮ್ಮೆಲ್ಲರ ಆಸ್ತಿ. ಆದರೆ ಕುವೆಂಪು ತೀರಿಕೊಂಡದ್ದು 1994ರಲ್ಲಿ, ಕಾರಂತರು 1997ರಲ್ಲಿ. ಅವರ ಪುಸ್ತಕಗಳನ್ನು ಕೊಂಡೇ ಓದಬೇಕು. ಗಣಕದಲ್ಲಿ ಸಿಕ್ಕಿತೆಂದು ಬಾಚಿಕೊಳ್ಳುವುದು ವಾಚನಾಲಯಕ್ಕೆ ಶೋಭೆಯಲ್ಲ. ಮೊದಲ ಭಂಡಾರದ ಬಾಗಿಲು ಮುಚ್ಚಿದ್ದೂ ಇಂಥ ತಕರಾರಿನಿಂದಲೇ ಎಂಬುದು ನೆನಪಿರಲಿ.

ಕಡೆಯದಾಗಿ, ತಂದದ್ದನ್ನು ಇಟ್ಟುಕೊಳ್ಳುವ ಬಗೆ. ತಂತ್ರಾಂಶ ಇಂದು ಇದು, ನಾಳೆ ಇನ್ನೊಂದು. ಅದರ ಮೇಲೆ ಮೋಹ ಬೇಡ. ಉಳಿಯಬೇಕಾದದ್ದು ಪುಸ್ತಕ. ನಾವು 2016ರಲ್ಲಿ ತಂದ ಆ 11 ಪುಸ್ತಕಗಳು, ತಂದ ತಂತ್ರಾಂಶ ನಿಷ್ಪ್ರಯೋಜಕವಾದ ಮೇಲೂ, ಇಂದಿಗೂ ಎಲ್ಲ ಗಣಕದಲ್ಲೂ ತೆರೆಯುತ್ತವೆ. ಈಗ ನಾವು ಪ್ರತಿ ಪುಸ್ತಕಕ್ಕೂ ಎರಡು ಪ್ರತಿ ಮಾಡುತ್ತೇವೆ: ಒಂದು ಇಲ್ಲಿಯ ಗಣಕದಲ್ಲಿ, ಇನ್ನೊಂದು ಮೇಲಂತಸ್ತಿನಲ್ಲಿ ವಾಸಿಸುವ ಸದಸ್ಯರೊಬ್ಬರ ಮನೆಯ ಹಾರ್ಡ್ ಡಿಸ್ಕಿನಲ್ಲಿ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದು ಊರು ಮತ್ತೆ ನೀರಿನಲ್ಲಿ ನಿಂತಾಗ, ನಾವು ಪುಸ್ತಕಗಳ ಬಗ್ಗೆ ನಿಶ್ಚಿಂತೆಯಿಂದ ಇದ್ದೆವು. ಯಾವ ಪುಸ್ತಕ, ಎಲ್ಲಿಂದ ಬಂತು, ಯಾವ ದಿನ, ಎಷ್ಟು ಪುಟ, ನಡುವೆ ಯಾವ ಪುಟ ಇಲ್ಲ, ಇವನ್ನೆಲ್ಲ ಬೇರೆಯಾಗಿ ಒಂದು ಕಾಗದದ ರಿಜಿಸ್ಟರಿನಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೇವೆ. ಗುಮಾಸ್ತರ ಅಭ್ಯಾಸ, ಬಿಡುವುದಿಲ್ಲ.

ನಮ್ಮ 40ರ ಪಟ್ಟಿಯಲ್ಲಿ ಇಂದಿಗೆ 33 ಬಂದಿವೆ. ಏಳು ಇನ್ನೂ ಸಿಕ್ಕಿಲ್ಲ. ಅಜ್ಜ ಕೇಳಿದ ಪಾಠಪುಸ್ತಕ, ಮೂರು ವರ್ಷ ಹುಡುಕಿದ ಮೇಲೆ, ತೀರ ತಪ್ಪು ಕಾಗುಣಿತದ ಹೆಸರಿನಡಿ ಸಿಕ್ಕಿತು. ಅಂದು ಸಂಜೆಯೇ ಅಚ್ಚು ಹಾಕಿಸಿ ಅವರ ಮನೆಗೆ ಹೋದೆವು. ಅಜ್ಜ ತೀರಿಕೊಂಡು ಐದು ತಿಂಗಳಾಗಿತ್ತು. ನಮ್ಮಲ್ಲಿ ಯಾರಿಗೂ ಸುದ್ದಿ ಮುಟ್ಟಿರಲಿಲ್ಲ. ಅವರ ಸೊಸೆ ಪುಸ್ತಕವನ್ನು ಎರಡು ಕೈಯಲ್ಲೂ ತೆಗೆದುಕೊಂಡು ದೇವರ ಮುಂದೆ ಇಟ್ಟರು. 2016ರಲ್ಲಿ ಒಂದು ಭಾನುವಾರ ಹೆಚ್ಚಿಗೆ ಕುಳಿತಿದ್ದರೆ ಅದು ಅಜ್ಜನ ಕೈಯಲ್ಲಿರುತ್ತಿತ್ತು. ಆ ಸಾಲ ನಮ್ಮ ಲೆಕ್ಕದಲ್ಲಿ ಹಾಗೆಯೇ ಉಳಿದಿದೆ.

ಮೊಮ್ಮಗ ಈಗ ಶನಿವಾರ ನಮ್ಮ ಅಕ್ಷರದ ತರಗತಿಗೆ ಬರುತ್ತಾನೆ. ಮೊನ್ನೆ ಆ ಪಾಠಪುಸ್ತಕದ ಮೊದಲ ಪುಟವನ್ನು ಒತ್ತಕ್ಷರ ಕಂಡಲ್ಲಿ ತಡವರಿಸುತ್ತ ಓದಿದ.

ಸೋದರರೇ, ನಮ್ಮದು ದೊಡ್ಡ ಸಂಸ್ಥೆಯಲ್ಲ. ಎಗ್ಮೋರಿನ ಕನ್ನೆಮರಾ ಗ್ರಂಥಾಲಯದಂತೆ ದೇಶದ ಪ್ರಕಾಶಕರೆಲ್ಲ ಕಾಯಿದೆಯ ಪ್ರಕಾರ ನಮಗೆ ಪುಸ್ತಕ ಕಳುಹಿಸುವುದಿಲ್ಲ. ನಾವೇ ಹೋಗಿ ತರಬೇಕು. ನಿಮ್ಮಲ್ಲಿ ಯಾರಿಗಾದರೂ ಊರಿನಲ್ಲಿ ಓದಿದ ಹಳೆಯ ಪುಸ್ತಕದ ನೆನಪಿದ್ದರೆ, ಬಾಗಿಲ ಬಳಿಯ ನೋಟ್ ಪುಸ್ತಕದಲ್ಲಿ ಅದರ ಹೆಸರು ಬರೆಯಿರಿ. ತಿಂಗಳಿಗೆ ಒಂದು ಭಾನುವಾರ ಒಂದು ಗಂಟೆ ಕೊಡಬಲ್ಲವರು ಗಣಕದ ಬಳಿ ಬನ್ನಿ, ಕಲಿಸಿಕೊಡುತ್ತೇವೆ. ಹನಿ ಹನಿ ಕೂಡಿದರೆ ಹಳ್ಳ. ಬಾಗಿಲು ಇಂದು ತೆರೆದಿದೆ, ಇಂದೇ ತರೋಣ.